ಒಂಬತ್ತನೆಯ ಮನೆಯ ಶನಿ

ನನಗೆ ಇಪ್ಪತ್ತೊಂದು ವರ್ಷ ತುಂಬಿದರೂ ನನ್ನ ತಂದೆ ನನ್ನ ಮುಖ ನೋಡಿರಲಿಲ್ಲ. ನಾನು ಬೆಳೆದದ್ದು ಸವದತ್ತಿಯಲ್ಲಿ, ತಾಯಿಯ ತಾಯಿಯ ಮನೆಯಲ್ಲಿ. ತಂದೆ ಬೈಲಹೊಂಗಲದ ಕಚೇರಿಯಲ್ಲಿ ಕಾರಕೂನರಾಗಿದ್ದರು. ನಡುವೆ ಎತ್ತಿನ ಗಾಡಿಗೆ ಒಂದು ದಿನದ ದಾರಿ. ಆ ದಾರಿಗೆ ಅಡ್ಡವಾಗಿ ಶನಿ ಕೂತಿದ್ದಾನೆ ಎಂದು ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದರು.

ನಾನು ಹುಟ್ಟಿದ ದಿನವೇ ಸಂಜೆ ನನ್ನ ತಾಯಿ ತೀರಿಕೊಂಡಳು. ಮೂರನೆಯ ದಿನ ಜೋಯಿಸರು ಜಾತಕ ಹಾಕಿದಾಗ ಶನಿ ಲಗ್ನದಿಂದ ಒಂಬತ್ತನೆಯ ಮನೆಯಲ್ಲಿ ಬಂದ. ಒಂಬತ್ತನೆಯದು ತಂದೆಯ ಮನೆ. ತಾಯಿ ಆಗಲೇ ಹೋಗಿದ್ದಳು, ಇನ್ನು ತಂದೆಯನ್ನಾದರೂ ಉಳಿಸಿಕೊಳ್ಳಬೇಕಲ್ಲ. ಶನಿ ಆಕಾಶವನ್ನು ಒಂದು ಸುತ್ತು ಮುಗಿಸಿ ಅದೇ ರಾಶಿಗೆ ಮರಳಲು ಸುಮಾರು ಮೂವತ್ತು ವರ್ಷ ಬೇಕು. ಅಲ್ಲಿಯವರೆಗೆ ತಂದೆ ಮಗನ ಮುಖ ನೋಡಬಾರದು, ನೋಡಿದರೆ ತಂದೆಯ ಜೀವಕ್ಕೆ ಕೇಡು ಎಂದು ಜೋಯಿಸರು ಹೇಳಿದರಂತೆ. ತಂದೆ ಮುಖ ನೋಡದೆಯೇ ಬೈಲಹೊಂಗಲಕ್ಕೆ ಹೋದರು. ವರ್ಷದೊಳಗೆ ಮತ್ತೊಂದು ಮದುವೆಯಾದರು.

ಒಮ್ಮೆ ಮಾತ್ರ ಅವರನ್ನು ಕಂಡ ನೆನಪು ನನಗಿದೆ. ಸಿರಸಂಗಿಯಲ್ಲಿ, ಕಾಳಿಕಾ ಗುಡಿಯ ಹಿಂದಿನ ಗೋಡೆಯ ಹತ್ತಿರ ರುಮಾಲು ಸುತ್ತಿದ ಒಬ್ಬ ಎತ್ತರದ ಮನುಷ್ಯ ನಿಂತಿದ್ದ. ನನ್ನನ್ನು ಕಂಡದ್ದೇ ಗೋಡೆಯ ಕಡೆಗೆ ಹೊರಳಿದ. ಅಜ್ಜಿ ನನ್ನ ತೋಳು ಹಿಡಿದು ಎಳೆದುಕೊಂಡು ಹೋದಳು. ನನಗಾಗ ಆರು ವರ್ಷವಿರಬಹುದು. ಆ ಮನುಷ್ಯನ ಬೆನ್ನು, ಅಂಗಿಯ ಮೇಲಿನ ಬೆವರಿನ ಕಲೆ ಕೂಡ ನನಗೆ ಕಾಣುತ್ತದೆ. ಇಷ್ಟು ಸ್ಪಷ್ಟವಾಗಿ ಕಾಣುವ ನೆನಪನ್ನು ನಾನು ನಂಬುವುದಿಲ್ಲ. ಆರು ವರ್ಷದ ಹುಡುಗ ಬೆವರಿನ ಕಲೆ ನೋಡಿ ನೆನಪಿಟ್ಟುಕೊಳ್ಳುತ್ತಾನೆಯೆ?

ಶನಿಯ ಕಥೆಯನ್ನು ನನಗೆ ಹೇಳಿದವಳೂ ಅಜ್ಜಿಯೇ. ಶನಿವಾರ ಹನುಮಪ್ಪನಿಗೆ ಎಣ್ಣೆ ಕೊಟ್ಟು ಬಂದ ಮೇಲೆ, ಜೋಳ ಹಸನು ಮಾಡುತ್ತ ಹೇಳುತ್ತಿದ್ದಳು. ಸೂರ್ಯನ ಹೆಂಡತಿಗೆ ಗಂಡನ ಝಳ ತಾಳಲಿಲ್ಲ. ತನ್ನ ನೆರಳನ್ನು ಹೆಂಗಸಾಗಿ ಮಾಡಿ ಮನೆಯಲ್ಲಿಟ್ಟು ತವರಿಗೆ ಹೋದಳು. ಆ ನೆರಳಿನ ಹೊಟ್ಟೆಯಲ್ಲಿ ಶನಿ ಹುಟ್ಟಿದ. ಹುಟ್ಟುವಾಗಲೇ ಕಪ್ಪು. ಸೂರ್ಯ ನೋಡಿ, ಇಷ್ಟು ಕಪ್ಪಗಿನ ಕೂಸು ನನ್ನದು ಹೇಗಾದೀತು ಎಂದ. ಆಗ ಕೂಸು ಕಣ್ಣು ತೆರೆದು ತಂದೆಯನ್ನು ನೋಡಿತು. ಸೂರ್ಯನಿಗೆ ಗ್ರಹಣ ಹಿಡಿಯಿತು.

"ಅದಕ್ಕ ಅಂವ ಕಣ್ಣು ಕೆಳಗ ಹಾಕಿಕೊಂಡ ನಡೀತಾನ. ತಾ ನೋಡಿದ್ದು ಕೆಡ್ತದ ಅಂತ ಅಂವಗೂ ಗೊತ್ತದ," ಎನ್ನುತ್ತಿದ್ದಳು.

ನಾನೂ ಹಾಗೆ ಕಣ್ಣು ಕೆಳಗೆ ಹಾಕಿಕೊಂಡೇ ಬೆಳೆದೆ. ಸಾಲಿಯಲ್ಲಿ ಮಾಸ್ತರರಿಗೆ ನೆಗಡಿಯಾದರೂ ನಾನು ನೋಡಿದ್ದರಿಂದಲೇ ಎಂದು ಅಂಜುತ್ತಿದ್ದೆ. ದೊಡ್ಡವನಾದ ಮೇಲೆ ಆ ಕಥೆಯ ಮೇಲೆ ನನಗೆ ಅನುಮಾನ ಬಂತು. ಮಗ ನೋಡಿದ, ತಂದೆಗೆ ಕತ್ತಲೆಯಾಯಿತು ಎನ್ನುತ್ತಾರೆ. ತಂದೆಯೇ ಕಣ್ಣು ಮುಚ್ಚಿಕೊಂಡಿದ್ದರೂ ಅವನಿಗೆ ಕತ್ತಲೆಯೇ ಆಗುತ್ತಿತ್ತು. ಮೊದಲು ಸಂಶಯ ಪಟ್ಟವನು ಸೂರ್ಯ. ಆದರೆ ಜಗತ್ತೆಲ್ಲ ಎಣ್ಣೆ ಹಾಕಿ ಸಮಾಧಾನ ಮಾಡುವುದು ಶನಿಯನ್ನು. ಮನುಷ್ಯರು ತಮಗೆ ಹೊರಲಾಗದ್ದನ್ನು ದೂರದ, ನಿಧಾನವಾದ, ಬಾಯಿಲ್ಲದ ಒಂದು ವಸ್ತುವಿನ ಮೇಲೆ ಹೊರಿಸುತ್ತಾರೆ. ಅದಕ್ಕೆ ಗ್ರಹವೆಂದು ಹೆಸರು. ಪುಣೆಯ ಕಾಲೇಜಿನಲ್ಲಿ ಓದುವಾಗ ಇದನ್ನು ಗೆಳೆಯರ ಮುಂದೆ ದೊಡ್ಡ ದನಿಯಲ್ಲಿ ಹೇಳುತ್ತಿದ್ದೆ. ನನ್ನ ಜಾತಕದ ಮಾತನ್ನು ಮಾತ್ರ ಯಾರ ಮುಂದೆಯೂ ಎತ್ತಲಿಲ್ಲ.

ಅಲ್ಲಿಯೇ ಒಂದು ಸಂಜೆ ಪ್ರೊಫೆಸರರ ದುರ್ಬೀನಿನಲ್ಲಿ ಶನಿಯನ್ನು ನೋಡಿದೆ. ಹಳದಿ ಜೋಳದ ಕಾಳಿನಷ್ಟು, ಸುತ್ತ ಒಂದು ಬಳೆ. ರಜೆಯಲ್ಲಿ ಸವದತ್ತಿಗೆ ಬಂದಾಗ ಅಜ್ಜಿಗೆ ಹೇಳಿದೆ:

"ಅಜ್ಜೀ, ನಾ ಶನೀನ್ನ ನೋಡಿದೆ. ಬಂಗಾರದ ಬಳಿ ಹಾಕ್ಕೊಂಡ ಕೂತಾನ. ಯಾರಿಗೂ ಏನೂ ಮಾಡೂ ಹಂಗ ಕಾಣ್ಲಿಲ್ಲ."

ಅಜ್ಜಿ ಮೊರ ಕೆಳಗಿಟ್ಟಳು. "ನೀ ಅಂವನ್ನ ನೋಡಿದಿ. ಅಂವ ನಿನ್ನ ನೋಡಿದನೋ ಇಲ್ಲೋ, ಅದನ್ನ ಹೇಳು."

ಬಿ.ಎ. ಮುಗಿಸಿ ಬಂದ ವರ್ಷ, ಹಿಂಗಾರಿ ಜೋಳ ಬಿತ್ತುವ ದಿನಗಳಲ್ಲಿ, ತಂದೆಯ ಕಾಗದ ಬಂತು. ಬೇರೆಯವರ ಕೈಯಿಂದ ಬರೆಸಿದ್ದು. ಬಲಗಣ್ಣು ಹೋದ ವರ್ಷವೇ ಹೋಯಿತು. ಎಡಗಣ್ಣಿನಲ್ಲಿಯೂ ಮೋತಿಯ ಪೊರೆ ಬೆಳೆದಿದೆ. ಬಿಸಿಲಿನಲ್ಲಿ ಹತ್ತಿರ ನಿಂತರೆ ಮನುಷ್ಯರ ಮುಖ ಇನ್ನೂ ತಿಳಿಯುತ್ತದೆ. ಹೆಚ್ಚು ದಿನ ತಿಳಿಯಲಾರದು. ಒಮ್ಮೆ ಬಂದು ಹೋಗು. ಕೊನೆಗೆ ಒಂದು ಸಾಲು: ಶನಿಯ ವಿಚಾರ ಬಿಡು.

ಮೂವತ್ತು ವರ್ಷಕ್ಕೆ ಇನ್ನೂ ಒಂಬತ್ತು ವರ್ಷ ಉಳಿದಿತ್ತು. ಕಣ್ಣು ಅಲ್ಲಿಯವರೆಗೆ ಉಳಿಯುವುದಿಲ್ಲ. ಈಗ ನೋಡಬೇಕು, ಇಲ್ಲವೆ ಎಂದಿಗೂ ಇಲ್ಲ.

ಕಾಗದ ಓದಿ ಹೇಳಿದಾಗ ಅಜ್ಜಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. "ಹೋಗೂದು ಬ್ಯಾಡ. ಆ ಮನಿಯಾಗ ಆಕೀ ಮಕ್ಕಳು ಸಣ್ಣವು ಅವ. ನೀ ಹೋಗಿ ನಿಂತು, ನಾಳೆ ಅಳಿಯಗ ಏನರೆ ಆದ್ರ, ಯಾರ ಮುಂದ ಬಿ.ಎ. ತೋರಸ್ತೀ?"

"ಅವರೇ ಕರದಾರಲ್ಲ ಅಜ್ಜೀ."

"ಕುರುಡ ಆಗೂ ಮನಷ್ಯಾ ಏನು ಬೇಕಾದ್ದು ಕೇಳ್ತಾನ. ಕೊಡೂವರಿಗೆ ಬುದ್ಧಿ ಬೇಕು."

ಮರುದಿನವೇ ಗಾಡಿ ಕಟ್ಟಿಸಬಹುದಿತ್ತು. ಆದರೆ ಆ ದಿನ ನಾನು ಮಾಡಿದ್ದು ಬೇರೆ. ನನ್ನ ಜಾತಕವನ್ನೂ ಹಳೆಯ ಪಂಚಾಂಗವನ್ನೂ ತೆಗೆದು ಲೆಕ್ಕಕ್ಕೆ ಕೂತೆ. ಸೂರ್ಯೋದಯದಿಂದ ಒಂದು ಗಳಿಗೆ ಕಳೆದ ಮೇಲೆ ಜನನ ಎಂದು ಬರೆದಿತ್ತು. ಗಳಿಗೆಯೆಂದರೆ ಗಡಿಯಾರದ ಇಪ್ಪತ್ತನಾಲ್ಕು ನಿಮಿಷ. ಆ ಹೊತ್ತಿಗೆ ವೃಶ್ಚಿಕ ಲಗ್ನ ಮುಗಿಯುತ್ತ ಬಂದಿತ್ತು. ಇನ್ನೊಂದು ಗಳಿಗೆ ದಾಟಿದ್ದರೆ ಧನು ಲಗ್ನ ಹತ್ತಿ, ಶನಿ ಒಂಬತ್ತನೆಯ ಮನೆಯಿಂದ ಎಂಟಕ್ಕೆ ಸರಿಯುತ್ತಿದ್ದ. ಎಂಟನೆಯ ಮನೆಯ ಶನಿ ತಂದೆಗೆ ಏನೂ ಮಾಡುವುದಿಲ್ಲ; ಹುಟ್ಟಿದವನಿಗೆ ದೀರ್ಘಾಯುಷ್ಯ ಕೊಡುತ್ತಾನೆ ಎಂದು ಅದೇ ಶಾಸ್ತ್ರ ಹೇಳುತ್ತದೆ. ಇಪ್ಪತ್ತೊಂದು ವರ್ಷಗಳ ಅಗಲಿಕೆ ಒಂದು ಗಳಿಗೆಯ ಮೇಲೆ ನಿಂತಿತ್ತು.

ಆ ಗಳಿಗೆಯನ್ನು ಜೋಯಿಸರಿಗೆ ಹೇಳಿದವರು ಯಾರು? ನನ್ನ ಸಂಶಯ ನೇರವಾಗಿ ಅಜ್ಜಿಯ ಮೇಲೆ ಹೋಯಿತು. ಇದ್ದ ಒಬ್ಬ ಮಗಳು ಸತ್ತಿದ್ದಳು. ಅಳಿಯ ಇನ್ನೊಂದು ಮದುವೆಯಾಗುವನು, ಕೂಸನ್ನು ಒಯ್ಯುವನು. ಅದನ್ನು ಉಳಿಸಿಕೊಳ್ಳಲು ಶನಿಗಿಂತ ಗಟ್ಟಿಯಾದ ಬಾಗಿಲು ಯಾವುದಿತ್ತು? ಮತ್ತೊಂದು ಸಾಕ್ಷಿಯೂ ನನ್ನ ಹತ್ತಿರ ಇತ್ತು. ಎಂಟು ವರ್ಷದವನಿದ್ದಾಗ ಜ್ವರ ಬಂದು ಮಲಗಿದ್ದೆ. ಅಜ್ಜಿ ತಲೆ ಸವರುತ್ತ, "ನಿನ್ನ ಯಾರಿಗೂ ಕೊಡೂದಿಲ್ಲ, ಶನಿ ನನ್ನ ಕಡಿಗಿದಾನ" ಎಂದಳು. ಇದನ್ನು ಖಂಡಿತ ಕೇಳಿದೆನೇ? ಜ್ವರದಲ್ಲಿ ಕೇಳಿದೆನೋ, ಸಂಶಯ ಬಂದ ಮೇಲೆ ಕೇಳಿದೆನೋ, ಇವತ್ತಿಗೂ ಹೇಳಲಾರೆ.

"ಅಜ್ಜೀ, ನಾ ಹುಟ್ಟಿದಾಗ ಬಿಸಿಲು ಎಲ್ಲಿತ್ತು?" ಎಂದು ಕೇಳಿದೆ.

ಅವಳ ಮುಖ ಕಲ್ಲಾಯಿತು. "ಅದನ್ನ ನನ್ನ ಕೇಳಬ್ಯಾಡ," ಎಂದು ಎದ್ದು ಒಳಗೆ ಹೋದಳು. ತಪ್ಪಿತಸ್ಥರು ಹೀಗೆಯೇ ಏಳುತ್ತಾರೆ ಎಂದುಕೊಂಡೆ.

ನನ್ನನ್ನು ಹಡೆಸಿದ ಸೂಲಗಿತ್ತಿ ಮುದುಕಿಯಾಗಿ ಕಿತ್ತೂರಿನಲ್ಲಿ ಮಗಳ ಮನೆಯಲ್ಲಿದ್ದಾಳೆಂದು ತಿಳಿಯಿತು. ಅಜ್ಜಿಗೆ ಧಾರವಾಡದಲ್ಲಿ ಕೆಲಸವಿದೆಯೆಂದು ಹೇಳಿ, ಧಾರವಾಡದ ಮೇಲಿಂದಲೇ ಕಿತ್ತೂರಿಗೆ ಹೋದೆ. ಕೋಟೆಯ ಹಾಳು ಗೋಡೆಯ ಕೆಳಗೆ ಅವರ ಮನೆ. ಮುದುಕಿ ಅಂಗಳದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ನಾನು ಯಾರೆಂದು ಹೇಳಿದಾಗ ನನ್ನ ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಮುಟ್ಟಿದಳು.

"ಕಾಲ ಮುಂದ ಮಾಡಿ ಬಂದಿದ್ದಿ. ನಿನ್ನ ಹೊರಗ ತರೂದರಾಗ ನನ್ನ ಜೀವಾ ಹೊರಗ ಬಂದಿತ್ತು."

"ಆವಾಗ ಹೊತ್ತು ಎಷ್ಟ ಆಗಿತ್ತು, ನೆನಪೈತೇನು?"

"ನಿಮ್ಮ ಗಳಿಗಿ ಗಿಳಿಗಿ ನನಗೆಲ್ಲಿ ತಿಳೀತಾವೋ ಯಪ್ಪಾ? ದನಾ ಹೊರಗ ಬಿಟ್ಟಿದ್ರು. ಗೌಳ್ಯಾ ಒದರಿಕೊಂತ ಹೋಗಿದ್ದ. ಬಿಸಲ ಪಡಸಾಲಿ ಕಟ್ಟಿಗೆ ಬಂದಿತ್ತು, ಅಲ್ಲಿ ಒಂದ ಗಂಗಾಳದಾಗ ನೀರಿಟ್ಟು ಬಟ್ಟಲಾ ಬಿಟ್ಟಿದ್ರು. ನಾ ಕೈ ತೊಳಕೊಳ್ಳಾಕ ಅದಽ ನೀರ ತಗೋಬೇಕಂದ್ರ ಬೈದ್ರು."

"ಯಾರು ಬೈದ್ರು?"

"ಯಾವನೋ ಗಂಡಸು. ಗಂಡಸ್ರ ಮಾರಿ ನೋಡ್ಕೊಂತ ಕುಂತಿದ್ದೆನೇನು ಆವಾಗ?"

ದನ ಹೊರಗೆ ಬಿಡುವುದೆಂದರೆ ಸೂರ್ಯ ಹುಟ್ಟಿ ಒಂದು ತಾಸಿಗಿಂತ ಹೆಚ್ಚು. ಮೂರು ಗಳಿಗೆ ಆಗಿಯೇ ಇರಬೇಕು. ನನ್ನ ಎದೆ ಹಗುರಾಯಿತು. ಮರುಕ್ಷಣವೇ ಮುದುಕಿಯ ಮೇಲೂ ಸಂಶಯ ಬಂತು. ಸಾವಿರ ಹೆರಿಗೆ ಮಾಡಿಸಿದವಳು ಬೇರೆ ಯಾರದೋ ಬೆಳಗನ್ನು ನನಗೆ ಕೊಡುತ್ತಿರಬಹುದು. ಎರಡು ಸಲ ತಿರುಗಿಸಿ ಕೇಳಿದೆ. ಮೂರನೆಯ ಸಲ ಅವಳಿಗೆ ಸಿಟ್ಟು ಬಂತು. "ಹುಟ್ಟಿದಿ, ಬದುಕಿದಿ, ಸಾಕಾಗಿಲ್ಲೇನು? ಹೊತ್ತು ತಗೊಂಡು ಉಪ್ಪಿನಕಾಯಿ ಹಾಕ್ತೀಯೇನು?"

ಗಾಡಿಯವನು ಎತ್ತುಗಳಿಗೆ ನೀರು ಕುಡಿಸಿ ಕಾಯುತ್ತಿದ್ದ. "ಬೈಲಹೊಂಗಲ ಇಲ್ಲೇ ಅರ್ಧಾ ದಿನದ ದಾರಿ ಐತ್ರಿ. ನಿಮ್ಮಪ್ಪನ ಊರಂತಲ್ರಿ ಅದು. ಹೊಡೀಲೇನು?"

"ಬ್ಯಾಡ. ತಿರುಗಿ ಸವದತ್ತಿಗೆ ಹೊಡಿ. ಅಲ್ಲಿಂದ ರಾಮದುರ್ಗಕ್ಕ ಹೋಗೂದದ."

ಅವನು ನನ್ನ ಮುಖ ನೋಡಿದ. "ನೆಟ್ಟಗಿದ್ದ ದಾರಿ ಬಿಟ್ಟು ಊರ ಸುತ್ತಾಕ ಬಾಡಿಗಿ ಕೊಡಾವ್ರು ನೀವ ಮೊದಲಿಗ್ರು," ಎಂದು ಎತ್ತುಗಳನ್ನು ಹೊರಳಿಸಿದ.

ಯಾಕೆ ಹಾಗೆ ಮಾಡಿದೆ? ಆ ಹೊತ್ತಿನಲ್ಲಿ ನನಗೆ ಕಾರಣ ಸ್ಪಷ್ಟವಾಗಿತ್ತು. ತಂದೆ ಶನಿಯ ವಿಚಾರ ಬಿಡು ಎಂದು ಬರೆಸಿದ್ದರು. ಅಂದರೆ ಶನಿ ಇದ್ದಾನೆ, ಆದರೂ ಬಾ, ನಾನು ಕ್ಷಮಿಸಿದ್ದೇನೆ ಎಂದು ನಾನು ಓದಿಕೊಂಡೆ. ನನಗೆ ಕ್ಷಮೆ ಬೇಕಿರಲಿಲ್ಲ. ತಪ್ಪೇ ಇರಲಿಲ್ಲ ಎನ್ನುವ ಕಾಗದ ಬೇಕಿತ್ತು. ಜಾತಕ ಬರೆದ ಕೈಯಿಂದಲೇ ಅದು ತಪ್ಪೆಂದು ಬರೆಸಿ, ಅದನ್ನು ಹಿಡಿದುಕೊಂಡು ತಂದೆಯ ಎದುರು ನಿಲ್ಲಬೇಕು. ಶನಿಯನ್ನು ನಂಬದವನಿಗೆ ಶನಿ ಎಂಟರಲ್ಲಿದ್ದರೇನು, ಒಂಬತ್ತರಲ್ಲಿದ್ದರೇನು ಎಂದು ಕೇಳಲು ಗೆಳೆಯರು ಯಾರೂ ಅಲ್ಲಿರಲಿಲ್ಲ.

ಜೋಯಿಸರು ಆಗ ರಾಮದುರ್ಗದಲ್ಲಿ ಮಗನ ಮನೆಯಲ್ಲಿದ್ದರು. ಮೇಲೆಲ್ಲೋ ಮಳೆಯಾಗಿ ಮಲಪ್ರಭೆ ತುಂಬಿದ್ದರಿಂದ ದಂಡೆಯಲ್ಲಿ ಎರಡು ದಿನ ಕಳೆದೆ. ತೊರಗಲ್ಲ ಕೋಟೆಯ ಹತ್ತಿರ ಎರಿ ಮಣ್ಣಿನಲ್ಲಿ ಗಾಡಿಯ ಗಾಲಿ ಹೂತು ಮತ್ತೊಂದು ದಿನ ಹೋಯಿತು. ಹೀಗೆಂದು ನೆನಪು. ಕಾಗದ ಬಂದ ದಿನದಿಂದ ಬೈಲಹೊಂಗಲ ಮುಟ್ಟುವವರೆಗೆ ಇಪ್ಪತ್ತಾರು ದಿನಗಳಾದವು ಎಂಬುದಷ್ಟೇ ಖಚಿತ. ನದಿಗೂ ಮಣ್ಣಿಗೂ ಮೂರು ದಿನ ಕೊಟ್ಟರೆ, ಉಳಿದವು ನನ್ನವೇ. ನದಿಯಲ್ಲಿ ನಿಜವಾಗಿ ಎರಡು ದಿನ ಹೋದವೋ, ಒಂದೇ ದಿನವೋ. ನನ್ನ ಪಾಲು ಕಡಿಮೆ ಮಾಡಲು ನೆನಪು ಒಂದು ದಿನ ಸೇರಿಸಿಕೊಂಡಿರಬಹುದು.

ಜೋಯಿಸರಿಗೆ ಎಂಬತ್ತು ದಾಟಿತ್ತು. ಜಾತಕವನ್ನು ಮೂಗಿನ ಹತ್ತಿರ ಹಿಡಿದು ತಮ್ಮ ಅಕ್ಷರ ಗುರುತಿಸಿದರು.

"ಬಿ.ಎ. ಪಾಸಾಗಿ ನನ್ನ ಪರೀಕ್ಷಾ ತಗೋಳಿಕ್ಕೆ ಬಂದೀಯೇನು?"

ಸೂಲಗಿತ್ತಿ ಹೇಳಿದ್ದನ್ನೂ ನನ್ನ ಲೆಕ್ಕವನ್ನೂ ಅವರ ಮುಂದಿಟ್ಟೆ. ಅವರು ಬೆರಳ ಗೆಣ್ಣುಗಳ ಮೇಲೆ ಎಣಿಸಿದರು. ನಾನು ಅರ್ಧ ದಿನ ಕೂತು ಮಾಡಿದ್ದನ್ನು ಎಲೆ ಅಡಿಕೆ ಜಗಿಯುವುದರಲ್ಲಿ ಮುಗಿಸಿದರು.

"ಹೌದು. ಮೂರು ಗಳಿಗಿ ಆದ್ರ ಶನಿ ಎಂಟಕ್ಕ ಹೋಗ್ತಾನ. ನನಗ ಕೊಟ್ಟದ್ದು ಒಂದು. ಗಳಿಗಿ ಬಟ್ಟಲಾ ಸುಳ್ಳು ಹೇಳೂದಿಲ್ಲಪ್ಪಾ. ತಳದ ತೂತಿನಿಂದ ನೀರು ತುಂಬಿ ಒಂದು ಗಳಿಗಿಗೆ ಸರಿಯಾಗಿ ಮುಳಗ್ತದ. ಮುಳಗಿದ ಕೂಡಲೆ ಎತ್ತಬೇಕು, ಒಂದು ಹುಣಸೀ ಬೀಜಾ ತೆಗೆದಿಡಬೇಕು, ಮತ್ತ ನೀರಿಗೆ ಬಿಡಬೇಕು. ಎತ್ತೂದು ತಪ್ಪಿದ್ರ ಅದು ತಳದಾಗ ಸುಮ್ಮನ ಕೂಡ್ತದ. ಹೊತ್ತು ಮಾತ್ರ ಕೂಡೂದಿಲ್ಲ."

"ಬೀಜಾ ನಿಮಗ ಯಾರು ತಂದುಕೊಟ್ರು? ನಮ್ಮ ಅಜ್ಜಿಯೇನು?"

"ಗಂಡಸು. ಹರೇದ ಹುಡುಗ. ಯಾರಂತ ಈಗ ನೆನಪಿಲ್ಲ. ಒಂದ ಬೀಜಾ ಮುಷ್ಟಿಯೊಳಗ ಹಿಡಕೊಂಡು ಬಂದಿದ್ದ. ಮೂರು ದಿನದಿಂದ ಹಿಡಕೊಂಡೇ ಇದ್ದನೋ ಏನೋ, ಅಂಗೈ ಹಸಿ ಆಗಿತ್ತು."

ನನಗೆ ಎಲ್ಲವೂ ತಿಳಿಯಿತು ಎಂದುಕೊಂಡೆ. ನನ್ನ ಸೋದರಮಾವ ಆಗ ಹರೆಯದವನು. ಅಜ್ಜಿ ಹೇಳಿಕೊಟ್ಟಿದ್ದಾಳೆ, ಅವನು ಹೋಗಿ ಹೇಳಿದ್ದಾನೆ. ಮಾವ ಪ್ಲೇಗಿನಲ್ಲಿ ತೀರಿಕೊಂಡು ಐದಾರು ವರ್ಷವಾಗಿತ್ತು, ಕೇಳುವಂತಿರಲಿಲ್ಲ. ಸತ್ತವರ ಮೇಲೆ ಬಿದ್ದ ಸಂಶಯ ಬಹಳ ಅನುಕೂಲದ್ದು.

ಜೋಯಿಸರು ಹೊಸ ಜಾತಕ ಬರೆದುಕೊಟ್ಟರು. ಮಸಿ ಒಣಗಲು ಬಿಟ್ಟು ನನ್ನ ಕಡೆಗೆ ನೋಡಿದರು.

"ಶನಿ ಇಲ್ಲ ಅಂತೀ. ಇಲ್ಲದಾಂವನ್ನ ಒಂದು ಮನಿ ಹಿಂದ ಸರಸ್ಲಿಕ್ಕೆ ಇಷ್ಟು ದೂರ ಬಂದೀ. ನಂಬಿದವರು ಸೈತ ಇಷ್ಟು ಅಡ್ಡಾಡೂದಿಲ್ಲ."

"ನಮ್ಮಪ್ಪನ ಸಲುವಾಗಿ ಬಂದೇನ್ರಿ."

"ಹಂಗಾದ್ರ ಅಲ್ಲಿಗೆ ಹೋಗಬೇಕಿತ್ತು. ಶನಿ ಕೊಲ್ಲೂದಿಲ್ಲೋ ಹುಚ್ಚಾ, ತಡಾ ಮಾಡ್ತಾನ. ಅಂವನ ಹೆಸರ ಮಂದ ಅಂತ."

ಮುದುಕರಿಗೆ ಕೊನೆಯ ಮಾತು ತಮ್ಮದೇ ಆಗಬೇಕು ಎಂದುಕೊಂಡು ಜಾತಕ ಮಡಚಿ ಹೊರಟೆ.

ಬೈಲಹೊಂಗಲದಲ್ಲಿ ಪೇಟೆಯ ತುಂಬ ಹತ್ತಿಯ ಗಾಡಿಗಳು. ಅವುಗಳ ನಡುವೆ ದಾರಿ ಕೇಳುತ್ತ ಮನೆ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಬೇಕೆಂದೇ ಆ ಹೊತ್ತು ಹುಡುಕಿದ್ದೆ. ಬಿಸಿಲಿನಲ್ಲಿ ಮುಖ ತಿಳಿಯುತ್ತದೆ ಎಂದು ಬರೆಸಿದ್ದರಲ್ಲ. ತಂದೆಯ ಎರಡನೆಯ ಹೆಂಡತಿ ಬಾಗಿಲಿಗೆ ಬಂದಳು. ನನಗಿಂತ ಹದಿನೈದು ವರ್ಷ ದೊಡ್ಡವಳಿರಬಹುದು. ಹೆಸರು ಕೇಳದೆಯೇ ನಾನು ಯಾರೆಂದು ಅವಳಿಗೆ ತಿಳಿಯಿತು.

"ಈಗ ಬಂದ್ಯಾ ತಮ್ಮಾ? ಎಂಟು ದಿನಾ ಮೊದಲ ಬರಬಾರದಾಗಿತ್ತೇನು?"

ಮೋತಿ ತೆಗೆಯುವವನೆಂದು ಹೇಳಿಕೊಂಡು ಊರೂರು ತಿರುಗುವ ಒಬ್ಬ ಮನುಷ್ಯ ಸಂತೆಗೆ ಬಂದಿದ್ದನಂತೆ. ತಂದೆ ದಿನಾ ಬಾಗಿಲಲ್ಲಿ ಕೂತು ಗಾಡಿಯ ಸಪ್ಪಳ ಕೇಳಿ ಕೇಳಿ ಬೇಸತ್ತಿದ್ದರು. ಎಡಗಣ್ಣು ದಿನದಿಂದ ದಿನಕ್ಕೆ ಮಸುಕಾಗುತ್ತಿತ್ತು. ಅವಳು ಬೇಡವೆಂದಳು. ಅವರು ಕೇಳಲಿಲ್ಲ.

"ಅಂವ ಬರೂದರಾಗ ಛಂದಗೆ ಕಾಣುವಂಗ ಆಗಬೇಕು ಅಂದ್ರು. ಆ ಸುಡಗಾಡ ಮನಷ್ಯಾ ಸೂಜಿ ಹಾಕಿ ನೂಕಿದ. ಮೂರು ದಿನಾ ಕಣ್ಣು ಕೆಂಡ ಆಗಿತ್ತು. ಈಗ ಬೆಳಕು ಸೈತ ತಿಳಿಯೂದಿಲ್ಲ."

ಒಳಗೆ ಪಡಸಾಲೆಯಲ್ಲಿ ಜಮಖಾನದ ಮೇಲೆ ಅವರು ಕೂತಿದ್ದರು. ಕಣ್ಣಿಗೆ ಬಿಳಿ ಬಟ್ಟೆ ಕಟ್ಟಿತ್ತು. ನಾನು ಊಹಿಸಿದಷ್ಟು ಎತ್ತರವಿರಲಿಲ್ಲ. ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಏನು ಹೇಳಬೇಕೋ ತಿಳಿಯದೆ, ಬಂದ ದಾರಿಯೆಲ್ಲ ಸಿದ್ಧಮಾಡಿಕೊಂಡಿದ್ದನ್ನೇ ಹೇಳಿದೆ.

"ಹೊಸಾ ಜಾತಕ ಬರಸಿಕೊಂಡು ಬಂದೇನ್ರಿ ಅಪ್ಪಾ. ಶನಿ ಒಂಬತ್ತರಾಗ ಇಲ್ಲ, ಎಂಟರಾಗ ಇದ್ದಾನ. ಗಳಿಗಿ ತಪ್ಪು ಕೊಟ್ಟಿದ್ರು."

"ಗೊತ್ತದ," ಎಂದರು. "ಬಟ್ಟಲಾ ಹಿಡಿದು ಕೂತಾಂವ ನಾನ."

ಹೆರಿಗೆ ಕಷ್ಟವಾಗಿದೆಯೆಂದು ತಿಳಿದು ಅವರು ಹಿಂದಿನ ದಿನವೇ ಸವದತ್ತಿಗೆ ಬಂದಿದ್ದರಂತೆ. ಒಳಗೆ ಹೋಗುವಂತಿಲ್ಲ. ಸುಮ್ಮನೆ ಕೂಡಲಾಗದವನಿಗೆ ಒಂದು ಕೆಲಸವಿರಲಿ ಎಂದು ಗಳಿಗೆ ನೋಡಲು ಕೂಡಿಸಿದರು. ಸೂರ್ಯ ಹುಟ್ಟುವಾಗ ಬಟ್ಟಲು ನೀರಿಗೆ ಬಿಟ್ಟರು. ಒಂದು ಸಲ ಮುಳುಗಿತು, ಎತ್ತಿ ಒಂದು ಬೀಜ ಇಟ್ಟರು.

"ಎರಡನೇ ಸಲಾ ಬಿಟ್ಟೆ. ಅಷ್ಟರಾಗ ಆಕಿ ಚೀರಿದ್ದು ಕೇಳಿತು. ಹಂಗ ಎದ್ದು ಬಾಗಲದ ಹತ್ತರ ಹೋಗಿ ನಿಂತೆ. ತಿರುಗಿ ನೋಡಿದಾಗ ಬಟ್ಟಲಾ ತಳದಾಗಿತ್ತು. ಬಿಸಲು ಕಟ್ಟಿ ಮ್ಯಾಲೆ ಬಂದಿತ್ತು. ಒಂದು ಗಳಿಗಿ ಅಲ್ಲ ಅಂತ ಕಣ್ಣಿಗೆ ಕಾಣತಿತ್ತು. ನನ್ನ ಕೈಯಾಗ ಒಂದ ಬೀಜ ಇತ್ತು. ಅದನ್ನ ಜೋಯಿಸರ ಕೈಯಾಗಿಟ್ಟೆ."

"ಅವರು ಮುಖಾ ನೋಡಬ್ಯಾಡ್ರಿ ಅಂದಾಗರೆ ಹೇಳಬೇಕಿತ್ತಲ್ರಿ."

"ಹೇಳಬೇಕಂತ ಬಾಯಿ ತೆಗೆದಿದ್ದೆ. ಅವರು ಆ ಮಾತು ಅಂದ್ರು. ನನಗ ಆವಾಗ ನಿನ್ನ ನೋಡೂ ಮನಸ್ಸ ಇರಲಿಲ್ಲೋ. ಆಕೀನ್ನ ತಗೊಂಡು ಹೋದಾಂವ ಅಂತ… ಹಂಗಂತ ಬಾಯಿಲೆ ಹೇಳೂದೆಂಗ? ಜನಾ ಉಗಳ್ತಿದ್ರು. ಶನಿ ಅಂದ್ರ ಯಾರೂ ಮುಂದ ಕೇಳೂದಿಲ್ಲ."

ಬಾಗಿಲಲ್ಲಿ ಅವರ ಹೆಂಡತಿ ನಿಂತಿದ್ದಳು. ಅವಳೂ ಇದನ್ನು ಅಂದೇ ಮೊದಲು ಕೇಳಿದಳೆಂದು ಅವಳ ಮುಖ ಹೇಳುತ್ತಿತ್ತು.

"ವರ್ಷಾದ ಮ್ಯಾಲೆ ನೋಡಬೇಕು ಅನಿಸ್ತು. ಆವಾಗ ಖರೇ ಹೇಳಿದ್ರ, ವರ್ಷಗಟ್ಲೆ ಸುಳ್ಳು ನಡಿಸಿದೆ ಅಂತ ಆಗ್ತಿತ್ತು. ಎರಡನೇ ವರ್ಷಕ್ಕ ಇನ್ನೂ ಜಡಾ ಆತು. ಒಮ್ಮೆ ಮುನವಳ್ಳಿ ಸಂತಿಗೆ ಬಂದು ನಿಂತೆ. ನೀ ನಿಮ್ಮಜ್ಜಿ ಕೈ ಹಿಡಕೊಂಡಿದ್ದಿ. ನನ್ನ ನೋಡಿ ಎರಡೂ ಕೈಲೆ ಕಣ್ಣು ಮುಚ್ಚಿಕೊಂಡಿ."

ಸಿರಸಂಗಿಯಲ್ಲವೇ ಎಂದು ಕೇಳಿದೆ. ಅಲ್ಲ, ಮುನವಳ್ಳಿ ಎಂದರು. ಗೋಡೆಯೇನಾದರೂ ಇತ್ತೇ ಎಂದೆ. ಸಂತೆಯಲ್ಲಿ ಎಲ್ಲಿಯ ಗೋಡೆ ಎಂದರು. ನನ್ನ ನೆನಪಿನಲ್ಲಿ ಮುಖ ತಿರುಗಿಸಿದವರು ಅವರು. ಅವರ ನೆನಪಿನಲ್ಲಿ ಕಣ್ಣು ಮುಚ್ಚಿಕೊಂಡವನು ನಾನು. ಇಬ್ಬರಲ್ಲಿ ಒಬ್ಬರ ನೆನಪು ಸುಳ್ಳಾಗಿರಬೇಕು, ಇಬ್ಬರದೂ ಇರಬಹುದು.

ಹೊಸ ಜಾತಕ ನನ್ನ ಕೈಯಲ್ಲೇ ಇತ್ತು. ಮಂದನಿಗೆ ಇದರಲ್ಲಿ ಯಾವ ಪಾಲೂ ಇರಲಿಲ್ಲ. ಅವರು ಇಪ್ಪತ್ತೊಂದು ವರ್ಷ ತಡ ಮಾಡಿದರು, ಉಳಿದ ಇಪ್ಪತ್ತಾರು ದಿನವನ್ನು ನಾನು ಪೂರೈಸಿದೆ. ಕಿತ್ತೂರಿನಿಂದ ಗಾಡಿ ಈ ಕಡೆ ಹೊಡೆಸಿದ್ದರೆ ಬಿಸಿಲಿನಲ್ಲಿ ಅವರ ಹತ್ತಿರ ನಿಂತಿರುತ್ತಿದ್ದೆ. ಇದನ್ನು ಅವರಿಗೆ ಹೇಳಲಿಲ್ಲ. ಹೇಳಿದೆನೆಂದು ಬರೆಯಲು ಮನಸ್ಸಾಗುತ್ತಿದೆ, ಹೇಳಲಿಲ್ಲ.

ಸಿವಿಲ್ ಸರ್ಜನರಿಗೆ ತೋರಿಸೋಣ ಎಂದೆ. ತೋರಿಸಿಯಾಯಿತು, ಆ ಕಣ್ಣು ಸತ್ತಿದೆ ಅಂದರು ಎಂದು ಅವರ ಹೆಂಡತಿ ಹೇಳಿದಳು. ತಂದೆ ಅವಳ ದನಿಯ ಕಡೆಗೆ ಹೊರಳಿದರು.

"ನೀ ನೋಡಿ ಹೇಳು. ಇಂವ ಹೆಂಗಿದ್ದಾನ? ಆಕೀ ಹಂಗಿದ್ದಾನೇನು?"

ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಆಕೀನ್ನ ನಾ ಎಲ್ಲಿ ನೋಡೇನ್ರಿ?" ಎಂದಳು ಮೆಲ್ಲಗೆ.

ಅದು ಖರೆ. ನನ್ನ ತಾಯಿಯ ಪಟವಿಲ್ಲ. ಆ ಕಾಲದಲ್ಲಿ ನಮ್ಮ ಕಡೆ ಹೆಂಗಸರ ಪಟ ಯಾರು ತೆಗೆಸುತ್ತಿದ್ದರು? ಅವಳ ಮುಖವನ್ನು ದಿನವೂ ಕಂಡು ಬಲ್ಲವರು ಇಬ್ಬರೇ ಉಳಿದಿದ್ದರು. ಒಬ್ಬರಿಗೆ ಕಣ್ಣಿರಲಿಲ್ಲ. ಇನ್ನೊಬ್ಬಳು ಸವದತ್ತಿಯಲ್ಲಿದ್ದಳು.

ಮರುದಿನ ಸವದತ್ತಿಗೆ ಹೋಗಿ ಅಜ್ಜಿಗೆ ಎಲ್ಲವನ್ನೂ ಹೇಳಿದೆ. ಅವಳ ಮೇಲೆ ಸಂಶಯಪಟ್ಟು ಕಿತ್ತೂರು, ರಾಮದುರ್ಗ ತಿರುಗಿದ್ದನ್ನೂ ಹೇಳಿದೆ. ಅವಳು ಕೂಗಾಡಲಿಲ್ಲ.

"ನನ್ನ ಮ್ಯಾಲೆ ತಗೊಂಡ್ಯಾ?" ಎಂದಳು ಅಷ್ಟೇ.

"ಬಿಸಿಲು ಎಲ್ಲಿತ್ತು ಅಂದ್ರ ಎದ್ದು ಹೋದಿ. ಅದಕ್ಕ."

"ನಾ ನನ್ನ ಮಗಳ ಮಾರಿ ನೋಡ್ಲಿಕ್ಕೆ ಹತ್ತಿದ್ದೆ. ಬಿಸಲು ನೋಡ್ಲಿಕ್ಕೆ ನನಗೆಲ್ಲಿ ಹೊತ್ತಿತ್ತು?"

ಗಳಿಗೆ ತಪ್ಪೆಂದು ಅವಳಿಗೆ ಗೊತ್ತಿತ್ತೋ ಇಲ್ಲವೋ, ನಾನು ಮತ್ತೆ ಕೇಳಲಿಲ್ಲ. ನಾನು ತಾಯಿಯ ಹಾಗಿದ್ದೇನೆಯೇ ಎಂದು ತಂದೆ ಕೇಳಿದ್ದನ್ನು ಹೇಳಿದಾಗ ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಗಾಡಿ ಕಟ್ಟಸು," ಎಂದಳು. ಇಪ್ಪತ್ತೊಂದು ವರ್ಷ ಆ ಊರಿನ ಕಡೆ ಮುಖ ಹಾಕಿರಲಿಲ್ಲ. ದಾರಿಯಲ್ಲಿ ಒಂದೇ ಮಾತಾಡಿದಳು: "ಇನ್ನ ಶನಿಗೆ ಅಲ್ಲೇನೂ ಕೆಲಸಿಲ್ಲ."

ತಂದೆ ಅವಳ ಹೆಜ್ಜೆ ಕೇಳಿಯೇ ಎದ್ದು ನಿಂತರು. "ಬರ್ರಿ ಅತ್ತಿ," ಎಂದರು. ಅವಳು ಕೂತಳು. ಇಬ್ಬರಿಗೂ ಹಳೆಯ ಮಾತು ಎತ್ತುವ ಇಚ್ಛೆಯಿರಲಿಲ್ಲ. ನನ್ನನ್ನು ಬಾಗಿಲ ಬೆಳಕಿಗೆ ನಿಲ್ಲಿಸಿ, ಗದ್ದ ಹಿಡಿದು ಅತ್ತಿತ್ತ ಹೊರಳಿಸಿದಳು, ಸಂತೆಯಲ್ಲಿ ಹೋರಿ ನೋಡುವ ಹಾಗೆ.

"ಹಣಿ ಆಕೀದು. ಅಗಲ," ಎಂದಳು. "ಹುಬ್ಬು ಕೂಡ್ಯಾವ, ಆಕೀ ಹಂಗ. ಮೂಗು ಆಕೀದ."

"ಕಿವಿ?" ಎಂದರು ತಂದೆ.

"ಅವೂ ಆಕೀವ."

ನಾನು ತಂದೆಯ ಕಡೆ ನೋಡಿದೆ. ಹೊರಕ್ಕೆ ಬಾಗಿದ, ತುದಿ ಚೂಪಾದ ಅವರ ಕಿವಿಗಳು ಬೆಳಕಿನಲ್ಲಿ ನನ್ನ ಎದುರಿಗೇ ಇದ್ದವು. ಬೆಳಿಗ್ಗೆ ಕನ್ನಡಿಯಲ್ಲಿ ದಾಡಿ ಮಾಡಿಕೊಳ್ಳುವಾಗ ನಾನು ನೋಡುವ ಕಿವಿಗಳೇ ಅವು. ಅಜ್ಜಿ ಸುಳ್ಳು ಹೇಳುತ್ತಿದ್ದಳು. ಅವರಿಗೆ ಬೇಕಾದದ್ದನ್ನು ಕೊಡುತ್ತಿದ್ದಳೋ, ನನ್ನಲ್ಲಿ ಅವರ ಪಾಲು ಒಂದಿಷ್ಟೂ ಉಳಿಯದಂತೆ ಪೂರ್ತಿಯಾಗಿ ಮಗಳಿಗೇ ಬರೆದುಕೊಡುತ್ತಿದ್ದಳೋ. ಹಾಗಾದರೆ ಹಣೆ? ಮೂಗು? ಅವುಗಳಲ್ಲಿ ಎಷ್ಟು ನಿಜ?

ಅವಳ ಹಿಂದೆ ನಿಂತಿದ್ದ ಅವರ ಹೆಂಡತಿಯೂ ನನ್ನ ಕಿವಿ, ಗಂಡನ ಕಿವಿ ನೋಡಿದಳು. ನನ್ನ ಕಣ್ಣಿಗೆ ಕಣ್ಣು ಕೂಡಿದಾಗ ಸುಮ್ಮನಿರು ಎನ್ನುವಂತೆ ತಲೆಯಾಡಿಸಿದಳು.

ತಂದೆ ಬಟ್ಟೆ ಕಟ್ಟಿದ ಮುಖವನ್ನು ನನ್ನ ಕಡೆಗೆ ಎತ್ತಿ ಹಿಡಿದಿದ್ದರು.

"ಎಲ್ಲಾ ಆಕೀದ ಅಂತಾರ. ಹೌದೇನೋ?" ಎಂದರು.

ತಾಯಿಯ ಮುಖವನ್ನು ಒಮ್ಮೆಯೂ ಕಾಣದ ನಾನು, "ಹೌದ್ರಿ ಅಪ್ಪಾ," ಎಂದೆ.